ಕೆರೆ ಕಟ್ಟಿದ್ದು ನೀರಿಗೆ, ಬಂದದ್ದು ಹೆಬ್ಬಾತು

ವನ್ಯಜೀವಿ ಅಂದ ಕೂಡಲೇ ನಾವು ಕಾಡು ಅಂತ ಬರೆದುಬಿಡುತ್ತೇವೆ. ಧಾರವಾಡದ ಸಪ್ತಾಪುರದ ರೂಮಿನಲ್ಲಿ ಕೂತು ಸ್ಪರ್ಧಾ ಪರೀಕ್ಷೆಗೆ ರಾಮ್ಸರ್ ಪಟ್ಟಿ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿ, ಬಾಯಿಪಾಠ ಮಾಡುವಾಗ ನನ್ನ ತಲೆಯಲ್ಲೂ ಅದೇ ಇತ್ತು.

ಆ ಪಟ್ಟಿಯನ್ನೇ ಇನ್ನೊಂದು ಸಲ ನೋಡಿ. ಕರ್ನಾಟಕದಿಂದ ರಂಗನತಿಟ್ಟು 2022ರಲ್ಲಿ ಸೇರಿತು. 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ, ಉತ್ತರ ಕನ್ನಡದ ಅಘನಾಶಿನಿ ಅಳಿವೆ ಸೇರಿ ನಾಲ್ಕಾದವು. ಮಾಗಡಿ, ಅಂಕಸಮುದ್ರ ಎರಡೂ ಹೊಲಕ್ಕೆ ನೀರು ಹಾಯಿಸಲು ಜನ ಕಟ್ಟಿಕೊಂಡ ಕೆರೆಗಳು. ರಂಗನತಿಟ್ಟಿನ ನಡುಗಡ್ಡೆಗಳು ಉಂಟಾದದ್ದೂ 17ನೇ ಶತಮಾನದಲ್ಲಿ ಕಾವೇರಿಗೆ ಒಡ್ಡು ಹಾಕಿದ ಮೇಲೆ. ಅಲ್ಲಿಗೆ ಯಾರೂ ಕಟ್ಟದೆ ಆದದ್ದು ಅಘನಾಶಿನಿ ಒಂದೇ!

1971ರ ರಾಮ್ಸರ್ ಒಪ್ಪಂದ ಇದನ್ನು ಮೊದಲೇ ಒಪ್ಪಿಕೊಂಡಿದೆ. ಜೌಗು ಪ್ರದೇಶ ನೈಸರ್ಗಿಕವೂ ಆಗಬಹುದು, ಕೃತಕವೂ ಆಗಬಹುದು. ಭತ್ತದ ಗದ್ದೆ, ಉಪ್ಪಿನ ಆಗರವೂ ಲೆಕ್ಕಕ್ಕೆ ಬರುತ್ತವೆ. ಹೇಳಿಕೆಯಲ್ಲಿ ‘ನೈಸರ್ಗಿಕ ಮಾತ್ರ’ ಅಂತ ಇದ್ದರೆ ಕಣ್ಣುಮುಚ್ಚಿ ತಪ್ಪು ಅಂತ ಹಾಕಿ.

ಈಗ ಮಾಗಡಿಗೆ ಬರೋಣ. ಶಿರಹಟ್ಟಿ ತಾಲ್ಲೂಕು, ಸುಮಾರು 54 ಹೆಕ್ಟೇರ್ ಕೆರೆ. ಚಳಿಗಾಲಕ್ಕೆ ಮಂಗೋಲಿಯಾ, ಟಿಬೆಟ್ ಕಡೆಯಿಂದ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. 7,000 ಮೀಟರಿಗಿಂತ ಎತ್ತರದಲ್ಲಿ ಇವು ಹಾರಿದ್ದು ದಾಖಲಾಗಿದೆ. ಇವುಗಳ ರಕ್ತದ ಹಿಮೋಗ್ಲೋಬಿನ್ ತೆಳು ಗಾಳಿಯಲ್ಲೂ ಆಮ್ಲಜನಕವನ್ನು ಚೆನ್ನಾಗಿ ಹಿಡಿಯುತ್ತದೆ. ಇಷ್ಟು ಎಲ್ಲ ಗೈಡಿನಲ್ಲೂ ಇದೆ. ಅಷ್ಟು ದೂರದಿಂದ ಬಂದು ಏನು ತಿನ್ನುತ್ತವೆ ಅನ್ನೋದು ಮಾತ್ರ ನಾನು ಓದಿದ ಗೈಡಿನಲ್ಲಿ ಇರಲಿಲ್ಲ.

ಹೋದ ಚಳಿಗಾಲ ಸುಮ್ನೆ ಬಸ್ ಹತ್ತಿ ಹೋಗಿದ್ದೆ. ಹಗಲು ಹೊತ್ತು. ಹಕ್ಕಿಗಳು ನೀರಿನ ನಡುವೆ ಕತ್ತು ಹಿಂದಕ್ಕೆ ತಿರುಗಿಸಿ, ಕೊಕ್ಕು ರೆಕ್ಕೆಯಲ್ಲಿ ಸಿಕ್ಕಿಸಿ ಮಲಗಿದ್ದವು. ಏರಿ ಮೇಲೆ ಹಸಿರು ಹಿಕ್ಕೆ, ಬೂದು ಗರಿ. ಪಕ್ಕದ ಹೊಲದ ಹಿರಿಯರನ್ನು ಕೇಳಿದೆ. “ರಾತ್ರಿ ನಮ್ಮ ಹೊಲದಾಗ ಉಣ್ತಾವ್ರಿ, ಹಗಲಿ ಕೆರಿಯಾಗ ಮಲಗ್ತಾವು. ಬಾಡಗಿ ಮಾತ್ರ ಕೊಡಂಗಿಲ್ಲ” ಅಂದು ನಕ್ಕರು. ನನ್ನ ಟಿಪ್ಪಣಿಯ ತಿರುಳು ಇದೇ. ಕಿತ್ತ ಹೊಲದಲ್ಲಿ ಉಳಿದ ಶೇಂಗಾ, ಕಡಲೆಯ ಎಳೆ ಚಿಗುರು ಊಟಕ್ಕೆ. ನಾಯಿ, ನರಿ ಸುಲಭಕ್ಕೆ ಬರಲಾಗದ ತೆರೆದ ನೀರು ನಿದ್ದೆಗೆ. ಕೆರೆ, ಹೊಲ ಎರಡೂ ಸೇರಿ ಒಂದು ಆವಾಸ. ಆದರೆ ಸಂರಕ್ಷಣಾ ಮೀಸಲು ಅಂತ ಗೆರೆ ಎಳೆದಿರುವುದು ಕೆರೆಗೆ. ನಾಳೆ ರೈತರು ಬೆಳೆ ಬದಲಿಸಿದರೆ ಊಟದ ತಟ್ಟೆಯೇ ಬದಲಾಯಿತು, ಅಲ್ವಾ? ಮಳೆ ಕೈಕೊಟ್ಟು ಕೆರೆ ಒಣಗಿದರೂ ಅಷ್ಟೇ, ಬೇರೆ ಕೆರೆ ಹುಡುಕಬೇಕು.

ಹಾವೇರಿ ಜಿಲ್ಲೆಗೆ ಹೋದರೆ ಕಥೆ ತಿರುವುಮುರುವು. ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯ 1974ರದು, 119 ಚದರ ಕಿ.ಮೀ. ನಮ್ಮ ಕಡೆ ಕೃಷ್ಣಮೃಗಕ್ಕೆ ಚಿಗರಿ ಅಂತಾರೆ. ಹುಬ್ಬಳ್ಳಿ-ಧಾರವಾಡದ ಬಿಆರ್‌ಟಿಎಸ್ (ತ್ವರಿತ ಬಸ್ ಸಾರಿಗೆ) ಬಸ್ಸಿಗೂ ಅದೇ ಹೆಸರು. ಚಿಗರಿಗೆ ಬೇಕಾದದ್ದು ಗಿಡ್ಡ ಹುಲ್ಲಿನ ಬಯಲು. ದೂರದಿಂದಲೇ ತೋಳ ಕಾಣಬೇಕು, ಕಂಡರೆ ಓಡಲು ಜಾಗ ಬೇಕು. ಅಂಥ ನೆಲದಲ್ಲಿ ನೀಲಗಿರಿ ನೆಟ್ಟರು. ನೋಡುವವರಿಗೆ ದಟ್ಟ ಹಸಿರು ಕಾಡು, ಚಿಗರಿಗೆ ಅದು ಅಡ್ಡಗೋಡೆ. ಹೀಗಾಗಿ ಬಯಲಿನಂತೆ ಕಾಣುವ ಹೊಲಗಳಿಗೆ ಇಳಿಯುತ್ತವೆ. ಎಳೆ ಪೈರು ಹೋದ ರೈತರ ಸಿಟ್ಟು ಸುಳ್ಳಲ್ಲ. ‘ಮಾನವ-ವನ್ಯಜೀವಿ ಸಂಘರ್ಷ’ ಅನ್ನುವ ಪ್ರಶ್ನೆಗೆ ಆನೆ ಒಂದನ್ನೇ ಬರೆಯಬೇಡಿ, ಇದನ್ನೂ ಬರೆಯಿರಿ.

ಊರೊಳಗಿನ ಉದಾಹರಣೆ ಬೇಕಾದರೆ ಬಾನಾಡಿ (ಇಂಗ್ಲಿಷಿನಲ್ಲಿ ಸ್ವಿಫ್ಟ್ ಅನ್ನುವ ಹಕ್ಕಿ) ಸಾಕು. ಹಳೇ ಕಟ್ಟಡದ ಚಾವಣಿ, ಸೇತುವೆಯ ಅಡಿಭಾಗ ನೋಡಿ. ಗರಿ, ಹುಲ್ಲನ್ನು ಜೊಲ್ಲಿನಿಂದ ಅಂಟಿಸಿದ ಗೂಡುಗಳು ಒತ್ತೊತ್ತಾಗಿ ಇರುತ್ತವೆ. ಕಾಲು ಪುಟ್ಟದು. ತಂತಿ ಮೇಲೆ ಕೂರಲು ಬರುವುದಿಲ್ಲ, ಗೋಡೆಗೆ ಉಗುರು ಸಿಕ್ಕಿಸಿ ಜೋತುಬೀಳುತ್ತದೆ. ಅದರ ಲೆಕ್ಕದಲ್ಲಿ ಸೇತುವೆಯೂ ಒಂದು ಬಂಡೆ.