ಡೋಪಮೈನ್ ಕೊಡುವುದು ಖುಷಿಯಲ್ಲ

ರೀಲ್ಸ್ ನೋಡಿದರೆ ಡೋಪಮೈನ್, ಸಿಹಿ ತಿಂದರೆ ಡೋಪಮೈನ್, ಫೋಟೊಗೆ ಯಾರಾದರೂ ಲೈಕ್ ಒತ್ತಿದರೂ ಡೋಪಮೈನ್. ಈಗಂತೂ ‘ಡೋಪಮೈನ್ ಡಿಟಾಕ್ಸ್’ ಅಂತ ವ್ರತ ಹಿಡಿಯುವವರೂ ಇದ್ದಾರೆ. ಈ ಮಾತುಗಳ ಹಿಂದೆಲ್ಲ ಒಂದೇ ನಂಬಿಕೆ: ಡೋಪಮೈನ್ ಅಂದರೆ ಮಿದುಳಿನಲ್ಲಿ ಒಸರುವ ಖುಷಿಯ ರಸ. ಮಿದುಳನ್ನು ಓದುವ ವಿಜ್ಞಾನಿಗಳು ಈ ನಂಬಿಕೆಯನ್ನು ಎಂದೋ ಬಿಟ್ಟಿದ್ದಾರೆ. ನಮ್ಮ ನಡುವೆ ಮಾತ್ರ ಅದು ಗಟ್ಟಿಯಾಗಿ ಕೂತಿದೆ. ಸೋಮಾರಿತನ, ಛಲ, ಏಕಾಗ್ರತೆ ಅಂತ ನಾವು ದಿನವೂ ಆಡುವ ಮಾತಿಗೆಲ್ಲ ಈ ರಾಸಾಯನಿಕದ ನಂಟು ಇರುವುದರಿಂದ, ಅದು ನಿಜಕ್ಕೂ ಏನು ಮಾಡುತ್ತದೆ ಅಂತ ತಿಳಿಯುವುದು ಒಳ್ಳೆಯದು.

ಕಥೆಗೆ ನಮ್ಮ ನೆಲದ ಒಂದು ಗಿಡದ ನಂಟಿದೆ. ಸರ್ಪಗಂಧದ ಬೇರನ್ನು ನಮ್ಮ ವೈದ್ಯರು ಹುಚ್ಚಿಗೆ ಮದ್ದಾಗಿ ಬಹಳ ಹಿಂದಿನಿಂದಲೇ ಬಳಸುತ್ತಿದ್ದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸಿಬಾ ಕಂಪನಿಯವರು ಆ ಬೇರಿನಿಂದ ರಿಸರ್ಪಿನ್ ಎಂಬ ವಸ್ತುವನ್ನು ಬೇರೆ ಮಾಡಿದರು. ಐದು ವರ್ಷದ ನಂತರ ಸ್ವೀಡನ್ನಿನಲ್ಲಿ ಆರ್ವಿಡ್ ಕಾರ್ಲ್‌ಸನ್ ಅದನ್ನು ಮೊಲಗಳಿಗೆ ಕೊಟ್ಟು ನೋಡಿದರು. ಮೊಲಗಳು ಕಿವಿ ಜೋಲು ಬಿಟ್ಟು ಕೂತಲ್ಲೇ ಕೂತವು, ಅಲ್ಲಾಡಲೇ ಇಲ್ಲ. ಆಮೇಲೆ ಅವರು ಎಲ್-ಡೋಪಾ ಎಂಬ ಇನ್ನೊಂದು ವಸ್ತುವನ್ನು ಚುಚ್ಚಿದರು. ಸ್ವಲ್ಪ ಹೊತ್ತಿನಲ್ಲೇ ಮೊಲಗಳು ಕಿವಿ ನೆಟ್ಟಗೆ ಮಾಡಿ ಓಡಾಡತೊಡಗಿದವು. ರಿಸರ್ಪಿನ್ ಮಿದುಳಿನ ಡೋಪಮೈನ್ ದಾಸ್ತಾನನ್ನು ಬರಿದು ಮಾಡಿತ್ತು. ಎಲ್-ಡೋಪಾ ಅದನ್ನು ಮತ್ತೆ ತುಂಬಿತ್ತು. ಅಲ್ಲಿಯವರೆಗೆ ಡೋಪಮೈನ್ ಅಂದರೆ ನಾರ್‌ಅಡ್ರಿನಲಿನ್ ಎಂಬ ಇನ್ನೊಂದು ರಾಸಾಯನಿಕದ ತಯಾರಿಕೆಗೆ ಬೇಕಾದ ಕಚ್ಚಾ ಮಾಲು, ಅಷ್ಟೇ ಅಂತ ಎಲ್ಲರೂ ತಿಳಿದಿದ್ದರು. ಈ ಕೆಲಸಕ್ಕೆ ಕಾರ್ಲ್‌ಸನ್ 2000ದಲ್ಲಿ ನೊಬೆಲ್ ಹಂಚಿಕೊಂಡರು.

ಡೋಪಮೈನನ್ನೇ ಯಾಕೆ ಚುಚ್ಚಲಿಲ್ಲ? ರಕ್ತದಲ್ಲಿರುವ ಡೋಪಮೈನ್ ಮಿದುಳಿನೊಳಗೆ ದಾಟುವುದಿಲ್ಲ. ಎಲ್-ಡೋಪಾ ದಾಟುತ್ತದೆ, ದಾಟಿದ ಮೇಲೆ ಡೋಪಮೈನ್ ಆಗುತ್ತದೆ. ಡೋಪಮೈನ್ ಕುಂದಿ ಕೈಕಾಲು ನಡುಗುವ, ಚಲನೆ ನಿಧಾನವಾಗುವ ಪಾರ್ಕಿನ್‌ಸನ್ ಕಾಯಿಲೆಗೆ ಇವತ್ತಿಗೂ ಇದೇ ಮುಖ್ಯ ಔಷಧಿ. ಬೇಲಿಯಲ್ಲಿ ಬೆಳೆಯುವ, ಮೈಗೆ ತಾಗಿದರೆ ತುರಿಸಿ ತುರಿಸಿ ಸಾಕುಮಾಡುವ ನಸುಗುನ್ನಿಯ ಬೀಜದಲ್ಲಿ ಎಲ್-ಡೋಪಾ ಇದೆ ಅಂದರೆ ಆಶ್ಚರ್ಯ ಅಲ್ವಾ!

ಸರಿ, ಖುಷಿಯ ಮಾತಿಗೆ ಬರೋಣ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಕೆಂಟ್ ಬೆರಿಡ್ಜ್ ಇಲಿಗಳ ಮುಖವನ್ನು ನೋಡುತ್ತಾ ಕೂತವರು. ಬಾಯಿಗೆ ಸಕ್ಕರೆ ನೀರು ಬಿದ್ದರೆ ಇಲಿ ನಾಲಿಗೆ ಚಾಚಿ ತುಟಿ ನೆಕ್ಕುತ್ತದೆ. ಕಹಿ ಬಿದ್ದರೆ ಬಾಯಿ ಅಗಲಿಸಿ ಮುಖ ಕಿವುಚುತ್ತದೆ. ಎಳೆ ಮಗುವೂ ಹೀಗೇ ಮಾಡುತ್ತದೆ. ಡೋಪಮೈನ್ ಬಹುತೇಕ ನಾಶವಾದ ಇಲಿಗಳು ಮುಂದೆಯೇ ಊಟವಿದ್ದರೂ ತಿನ್ನಲು ಹೋಗುವುದಿಲ್ಲ, ಹೊಟ್ಟೆಗೆ ನಾವೇ ಹಾಕದಿದ್ದರೆ ಹಸಿದು ಸಾಯುತ್ತವೆ. ಆದರೆ ಅವುಗಳ ನಾಲಿಗೆಗೆ ಸಕ್ಕರೆ ನೀರು ಬಿಟ್ಟಾಗ? ಮಾಮೂಲಿನಂತೆಯೇ ತುಟಿ ನೆಕ್ಕಿದವು. ರುಚಿ ಹಿಡಿಸುತ್ತಿತ್ತು. ಅದಕ್ಕಾಗಿ ಎದ್ದು ಹೋಗಬೇಕು ಅನ್ನಿಸುತ್ತಿರಲಿಲ್ಲ. ಇಷ್ಟಪಡುವುದು ಬೇರೆ, ಬೇಕು ಅನ್ನಿಸುವುದು ಬೇರೆ ಎಂದು ಬೆರಿಡ್ಜ್ ಹೇಳಿದ್ದು ಇದನ್ನು ನೋಡಿಯೇ.

ನನಗೆ ಇದಕ್ಕಿಂತಲೂ ಮನಸ್ಸಿಗೆ ನಾಟಿದ್ದು ಅಮೆರಿಕದ ಕನೆಕ್ಟಿಕಟ್ ವಿಶ್ವವಿದ್ಯಾಲಯದ ಜಾನ್ ಸಾಲಮೋನ್ ಅವರ ತಂಡ ಮಾಡಿದ ಪ್ರಯೋಗ. ಇಲಿಗೆ ಎರಡು ದಾರಿ. ಒಂದರ ಕೊನೆಯಲ್ಲಿ ಜಾಸ್ತಿ ತಿಂಡಿ, ಆದರೆ ನಡುವೆ ಹತ್ತಿ ದಾಟಬೇಕಾದ ತಡೆ. ಇನ್ನೊಂದರಲ್ಲಿ ಸ್ವಲ್ಪವೇ ತಿಂಡಿ, ತಡೆ ಇಲ್ಲ. ಆರೋಗ್ಯವಾಗಿರುವ ಇಲಿಗಳು ಸಾಮಾನ್ಯವಾಗಿ ತಡೆ ಹತ್ತುತ್ತವೆ. ಡೋಪಮೈನ್ ಕುಂದಿದ ಇಲಿಗಳು ಸುಲಭದ ದಾರಿ ಹಿಡಿದು ಸ್ವಲ್ಪ ತಿಂದು ಸುಮ್ಮನಾಗುತ್ತವೆ. ಕಾಲಿಗೆ ಶಕ್ತಿ ಇಲ್ಲವೇನೋ ಅಂದುಕೊಂಡರೆ, ಅದೂ ಅಲ್ಲ. ಸುಲಭದ ದಾರಿಯಲ್ಲಿ ತಿಂಡಿಯನ್ನೇ ಇಡದಿದ್ದಾಗ ಅವೇ ಇಲಿಗಳು ತಡೆ ಹತ್ತಿ ದಾಟಿದವು! ಹತ್ತಲು ಬರುತ್ತಿತ್ತು, ಹಸಿವೂ ಇತ್ತು. ಇಷ್ಟು ಶ್ರಮಕ್ಕೆ ಅಷ್ಟು ಫಲ ಸಾಕಾ ಎಂಬ ಲೆಕ್ಕ ಮಾತ್ರ ಬದಲಾಗಿತ್ತು. ‘ಮನಸ್ಸು ಮಾಡಿದರೆ ಆಗುತ್ತೆ, ನೀನೇ ಮಾಡಲ್ಲ’ ಅಂತ ಮಕ್ಕಳಿಗೆ ಬೈಯುತ್ತೇವಲ್ಲ, ಆ ‘ಮನಸ್ಸು ಮಾಡುವುದು’ ಕೂಡ ಮಿದುಳು ಮಾಡಬೇಕಾದ ಕೆಲಸವೇ.

ಈ ಲೆಕ್ಕ ಕಲಿಕೆಯಿಂದ ಬರುತ್ತದೆ. ವುಲ್ಫ್‌ರಾಮ್ ಶುಲ್ಟ್ಸ್ ಸ್ವಿಟ್ಜರ್ಲೆಂಡಿನಲ್ಲಿ ಮಂಗಗಳ ಡೋಪಮೈನ್ ಕೋಶಗಳ ಮಿಡಿತವನ್ನು ಒಂದೊಂದಾಗಿ ಅಳೆದರು. ಅನಿರೀಕ್ಷಿತವಾಗಿ ಬಾಯಿಗೆ ಒಂದು ತೊಟ್ಟು ಹಣ್ಣಿನ ರಸ ಬಿದ್ದಾಗ ಕೋಶಗಳು ಪಟಪಟ ಮಿಡಿದವು. ಪ್ರತಿ ಸಲ ರಸಕ್ಕೆ ಮೊದಲು ಒಂದು ಸೂಚನೆ ಕೊಡುತ್ತಾ ಹೋದರೆ, ಕೆಲವು ದಿನಗಳಲ್ಲಿ ಮಿಡಿತ ಸೂಚನೆಗೇ ಬರತೊಡಗಿತು. ರಸ ಬಿದ್ದಾಗ ಏನೂ ಇಲ್ಲ! ಸೂಚನೆ ಕೊಟ್ಟು ರಸ ಕೊಡದಿದ್ದರೆ, ರಸ ಬೀಳಬೇಕಿದ್ದ ಗಳಿಗೆಯಲ್ಲೇ ಮಿಡಿತ ಕುಸಿಯಿತು. ತಿಂಗಳ ಸಂಬಳ ಬಂದಾಗ ಯಾರೂ ಕುಣಿಯುವುದಿಲ್ಲ, ಬಾರದಿದ್ದರೆ ಮಾತ್ರ ಎದೆ ಧಸಕ್ಕೆನ್ನುತ್ತದೆ, ಹಾಗೆ. 1997ರಲ್ಲಿ ಶುಲ್ಟ್ಸ್, ಪೀಟರ್ ದಯಾನ್ ಮತ್ತು ರೀಡ್ ಮಾಂಟೆಗ್ಯೂ ಇದನ್ನು ಒಂದು ಗಣಿತದ ಸೂತ್ರದ ಜೊತೆ ಹೊಂದಿಸಿ ತೋರಿಸಿದರು. ನಿರೀಕ್ಷೆಗೂ ಸಿಕ್ಕಿದ್ದಕ್ಕೂ ಇರುವ ವ್ಯತ್ಯಾಸವನ್ನು ಡೋಪಮೈನ್ ಸಾರುತ್ತದೆ, ಮಿದುಳು ಆ ವ್ಯತ್ಯಾಸದಿಂದ ಕಲಿಯುತ್ತದೆ. ಯಂತ್ರಗಳಿಗೆ ಆಟ ಕಲಿಸಲು ಬಳಸುವ ಸೂತ್ರವೂ ಅದೇ ಜಾತಿಯದು.

ಹಣೆಯ ಹಿಂದಿರುವ ಮುಮ್ಮಿದುಳಿನಲ್ಲಿ ಇದೇ ಡೋಪಮೈನಿಗೆ ಇನ್ನೊಂದು ಕೆಲಸ. ಈಗ ತಾನೇ ನೋಡಿದ್ದನ್ನು ನೆನಪಿನಲ್ಲಿ ಹಿಡಿದಿಟ್ಟು, ಅದರಂತೆ ನಡೆದುಕೊಳ್ಳಲು ಅದು ಬೇಕು. 1979ರಲ್ಲಿ ಪೆಟ್ರೀಷಿಯಾ ಗೋಲ್ಡ್‌ಮನ್ ಮತ್ತು ಜೊತೆಗಾರರು ಮಂಗಗಳ ಆ ಭಾಗದಲ್ಲಿ ಡೋಪಮೈನ್ ಮಾತ್ರ ಬರಿದು ಮಾಡಿದರು. ‘ಹೋದ ಸಲ ಎಡಕ್ಕೆ ಸಿಕ್ಕಿತು, ಈ ಸಲ ಬಲಕ್ಕೆ’ ಎಂಬಷ್ಟನ್ನೂ ಮಂಗಗಳು ನೆನಪಿಟ್ಟುಕೊಳ್ಳಲಾಗಲಿಲ್ಲ. ಆ ಭಾಗವನ್ನೇ ಕತ್ತರಿಸಿ ತೆಗೆದರೆ ಆಗುವಷ್ಟೇ ನಷ್ಟ. ಹಾಗಂತ ಜಾಸ್ತಿಯಾದರೆ ಒಳ್ಳೆಯದೂ ಅಲ್ಲ. ವಿಪರೀತ ಒತ್ತಡದಲ್ಲಿ ಅಲ್ಲಿ ಡೋಪಮೈನ್ ಉಕ್ಕುತ್ತದೆ, ಆಗಲೂ ಹಿಡಿತ ತಪ್ಪುತ್ತದೆ. ಪರೀಕ್ಷೆಯ ಕೊಠಡಿಯಲ್ಲಿ ಓದಿದ್ದೆಲ್ಲ ಮರೆತು ಹೋಗುವುದಕ್ಕೆ ಇದೂ ಒಂದು ಕಾರಣ ಇರಬಹುದು.

ಹೆಚ್ಚು ಕಡಿಮೆಯ ಈ ಲೆಕ್ಕ ಪಾರ್ಕಿನ್‌ಸನ್ ರೋಗಿಗಳಲ್ಲಿ ಕಷ್ಟ ತಂದಿಡುತ್ತದೆ. ಕಾಯಿಲೆ ಮೊದಲು ಹಾಳು ಮಾಡುವುದು ಚಲನೆಗೆ ಸಂಬಂಧಿಸಿದ ಭಾಗದ ಡೋಪಮೈನ್. ಆಸೆ, ಫಲ ಇವುಗಳ ಲೆಕ್ಕ ನೋಡುವ ಭಾಗ ಸುಮಾರು ದಿನ ಚೆನ್ನಾಗಿಯೇ ಇರುತ್ತದೆ. ಕೈಕಾಲಿಗೆ ಸರಿಹೋಗುವಷ್ಟು ಮಾತ್ರೆ ಕೊಟ್ಟರೆ ಈ ಎರಡನೇ ಭಾಗಕ್ಕೆ ಅದು ಅತಿಯಾಗಬಹುದು. ಹೀಗಾಗಿಯೇ ಮಿದುಳಿನಲ್ಲಿ ಡೋಪಮೈನಿನಂತೆಯೇ ಕೆಲಸ ಮಾಡುವ ಪ್ರಾಮಿಪೆಕ್ಸೋಲ್‌ನಂಥ ಮಾತ್ರೆ ತೆಗೆದುಕೊಳ್ಳುವ ಕೆಲವರಿಗೆ, ಜೀವನದಲ್ಲಿ ಇಸ್ಪೀಟು ಮುಟ್ಟದವರಿಗೂ, ಜೂಜಿನ ಚಟ ಹತ್ತುತ್ತದೆ. ಕೆಲವರು ಬೇಡದ್ದನ್ನೆಲ್ಲ ಕೊಳ್ಳುತ್ತಾ ಹೋಗುತ್ತಾರೆ, ಕೆಲವರಿಗೆ ತಿನ್ನುವುದನ್ನು ನಿಲ್ಲಿಸಲಾಗುವುದಿಲ್ಲ. ನಾಚಿಕೆಯಿಂದ ಮನೆಯವರಿಗೂ ಹೇಳುವುದಿಲ್ಲ, ವಯಸ್ಸಾದ ಮೇಲೆ ಬುದ್ಧಿ ಕೆಟ್ಟಿತು ಅಂತ ಮನೆಯವರೂ ಬೈಯುತ್ತಾರೆ. ನಿಮ್ಮ ಮನೆಯಲ್ಲಿ ಇಂಥ ಮಾತ್ರೆ ತೆಗೆದುಕೊಳ್ಳುವ ಹಿರಿಯರಿದ್ದು, ಅವರ ನಡವಳಿಕೆ ಇದ್ದಕ್ಕಿದ್ದಂತೆ ಬದಲಾಗಿದ್ದರೆ ಡಾಕ್ಟರಿಗೆ ದಯವಿಟ್ಟು ಬಿಡಿಸಿ ಹೇಳಿ. ಮಾತ್ರೆಯ ಪ್ರಮಾಣ ಇಳಿಸಿದರೆ ಅಥವಾ ಬೇರೆಯದು ಕೊಟ್ಟರೆ ಎಷ್ಟೋ ಜನರಲ್ಲಿ ಈ ಚಟ ಇಳಿದುಹೋಗುತ್ತದೆ. ನೀವಾಗಿಯೇ ದಿಢೀರನೆ ಮಾತ್ರೆ ನಿಲ್ಲಿಸಬೇಡಿ, ಅದು ಅಪಾಯ.