ಫಿಲ್ಟರ್ ಯಾವ ಗಾಳಿ ಕುಡಿಯುತ್ತಿದೆ, ಮೊದಲು ಅದನ್ನು ನೋಡಿ

ಮಾರ್ಚ್ ತಿಂಗಳು, ಕಾಫಿ ಹೂವಿಗೆ ಎಲ್ಲರೂ ಮಳೆ ಕಾಯುತ್ತಿದ್ದ ವಾರ. ಸುಂಟಿಕೊಪ್ಪ ಕಡೆಯ ಹುಡುಗನೊಬ್ಬ ತನ್ನ ಎರಡು ಸೀಟಿನ ಸ್ಪೋರ್ಟ್ಸ್ ಕಾರನ್ನು ಮಡಿಕೇರಿಯ ನನ್ನ ಗ್ಯಾರೇಜಿಗೆ ತಂದ. ಉದ್ದ ಬಾನೆಟ್, 2 ಲೀಟರ್ ಪೆಟ್ರೋಲ್ ಎಂಜಿನ್, ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲ. "ಅಣ್ಣ, ಸೌಂಡ್ ಸೂಪರಾಗಿ ಬರ್ತಿದೆ, ಆದ್ರೆ ಸಂಪಾಜೆಯಿಂದ ಮೇಲೆ ಹತ್ತುವಾಗ ಗಾಡಿಗೆ ದಮ್ಮೇ ಇಲ್ಲ. ಮೊದಲೇ ಚೆನ್ನಾಗಿತ್ತು ಅನ್ಸುತ್ತೆ" ಅಂದ.

ಬಾನೆಟ್ ಎತ್ತಿದೆ. ಕಂಪನಿ ಕೊಟ್ಟ ಕಪ್ಪು ಏರ್ ಫಿಲ್ಟರ್ ಬಾಕ್ಸ್ ಇರಲಿಲ್ಲ. ಆ ಜಾಗದಲ್ಲಿ ಮಿರಮಿರ ಮಿಂಚುವ ಅಲ್ಯೂಮಿನಿಯಂ ಪೈಪು, ಅದರ ತುದಿಗೆ ಕೆಂಪು ಕೋನ್ ಫಿಲ್ಟರ್. ರೇಡಿಯೇಟರ್ ಫ್ಯಾನಿನ ಹಿಂದೆ ಒಂದು ಗೇಣು ದೂರದಲ್ಲಿ ಅದು ಬಿಚ್ಚಾಗಿ ಕೂತಿತ್ತು. ಪೈಪಿನ ಮೇಲೆ ಕೈ ಇಟ್ಟೆ, ಇಡೋಕೆ ಆಗಲಿಲ್ಲ, ಅಷ್ಟು ಬಿಸಿ. ರೇಡಿಯೇಟರ್ ಹೊರಗೆ ಹಾಕಿದ ಬಿಸಿಗಾಳಿಯನ್ನೇ ಎಂಜಿನ್ ಮತ್ತೆ ಒಳಗೆ ಎಳೆದುಕೊಳ್ಳುತ್ತಿತ್ತು. ಅಡುಗೆಮನೆಯ ಒಲೆ ಮುಂದೆ ನಿಂತು ಓಡಿದವನ ಹಾಗೆ ಉಸಿರಾಟ. ಸದ್ದು ಜಾಸ್ತಿ ಆಗಿದ್ದು ನಿಜ, ಬಾಕ್ಸ್ ಇಲ್ಲದ ಮೇಲೆ ಎಳೆತದ ಸದ್ದನ್ನು ತಡೆಯೋಕೆ ಏನೂ ಇಲ್ಲ. ಆದರೆ ಸದ್ದು ಬೇರೆ, ಪಿಕಪ್ ಬೇರೆ.

ತಣ್ಣಗಿನ ಗಾಳಿ ಯಾಕೆ ಬೇಕು ಅನ್ನೋದನ್ನು ಸ್ವಲ್ಪ ಲೆಕ್ಕದಲ್ಲೇ ಹೇಳುತ್ತೇನೆ. ಗಾಳಿ ಬಿಸಿಯಾದಷ್ಟೂ ಹಗುರ. 25 ಡಿಗ್ರಿ ಗಾಳಿಗೆ ಹೋಲಿಸಿದರೆ 60 ಡಿಗ್ರಿ ಗಾಳಿಯ ಸಾಂದ್ರತೆ ಸುಮಾರು ಶೇ 10ರಷ್ಟು ಕಡಿಮೆ. ಅಂದರೆ ಸಿಲಿಂಡರ್ ತುಂಬಿದರೂ ಒಳಗೆ ಹೋದ ಆಮ್ಲಜನಕ ಅಷ್ಟು ಕಡಿಮೆ, ಪೆಟ್ರೋಲೂ ಅಷ್ಟೇ ಕಡಿಮೆ ಸುಡುತ್ತದೆ. ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು. ಬಿಸಿಗಾಳಿಗೆ ನಾಕಿಂಗ್, ಅಂದರೆ ಸಿಲಿಂಡರಿನೊಳಗೆ ಪೆಟ್ರೋಲ್ ಮಿಶ್ರಣ ತಾನಾಗಿಯೇ ಸಿಡಿಯುವುದು, ಬೇಗ ಬರುತ್ತದೆ, ಅದನ್ನು ತಪ್ಪಿಸೋಕೆ ಎಂಜಿನ್ ಕಂಪ್ಯೂಟರ್ ತಾನಾಗಿಯೇ ಇಗ್ನಿಷನ್ ಟೈಮಿಂಗನ್ನು ಹಿಂದಕ್ಕೆ ಎಳೆಯುತ್ತದೆ, ಅಂದರೆ ಕಿಡಿಯನ್ನು ತಡಮಾಡಿ ಹಾರಿಸುತ್ತದೆ, ಆಗ ಗಾಡಿ ಮಂಕಾಗುತ್ತದೆ. ಹುಡುಗ "ದಮ್ಮಿಲ್ಲ" ಅಂದಿದ್ದು ಇದನ್ನೇ.

ಕೊಡಗಿನಲ್ಲಿ ನಮಗೆ ಇನ್ನೊಂದು ಕೊರತೆ ಮೊದಲೇ ಇದೆ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಮೇಲೆ. ಇಲ್ಲಿ ಗಾಳಿಯ ಒತ್ತಡ ಮಂಗಳೂರಿನ ಒತ್ತಡದ ಸುಮಾರು ಶೇ 87 ಮಾತ್ರ. ನಮ್ಮ ತಂಪು ಹವೆ ಅದರಲ್ಲಿ ಮೂರೋ ನಾಲ್ಕೋ ಪರ್ಸೆಂಟ್ ವಾಪಸ್ ಕೊಡುತ್ತದೆ, ಅಷ್ಟೆ. ಟರ್ಬೊ ಇಲ್ಲದ ಗಾಡಿ ಘಾಟಿ ಹತ್ತುತ್ತಾ ಹತ್ತುತ್ತಾ ಬಡವಾಗುತ್ತದೆ. ಬೆಟ್ಟದ ತಂಪು ಗಾಳಿ ಬಂಪರಿನ ಮುಂದೆ ಪುಕ್ಕಟೆ ಸಿಗುತ್ತಿರುವಾಗ ಅದನ್ನು ಬಿಟ್ಟು ಬಾನೆಟ್ ಒಳಗಿನ ಬಿಸಿಗಾಳಿ ಕುಡಿಸುವುದು ಎಂಥ ನಷ್ಟ ಅಲ್ವಾ?

ಏನನ್ನೂ ಬಿಚ್ಚುವ ಮುಂಚೆ ಅಳೆಯಬೇಕು. ಸ್ಟೀರಿಂಗ್ ಕೆಳಗಿನ ಸಾಕೆಟ್‌ಗೆ ಒಂದು ಬ್ಲೂಟೂತ್ ಸ್ಕ್ಯಾನರ್ ಚುಚ್ಚಿದರೆ ಫೋನಿನಲ್ಲೇ ಇನ್‌ಟೇಕ್ (ಎಂಜಿನ್ ಒಳಗೆಳೆಯುವ) ಗಾಳಿಯ ತಾಪಮಾನ ಕಾಣುತ್ತದೆ. ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಂಪಾಜೆಗೆ ಇಳಿದೆ, ಅಲ್ಲಿಂದ ಎರಡನೇ ಮೂರನೇ ಗೇರಿನಲ್ಲಿ ಮೇಲೆ ಹತ್ತಿದೆವು. ಹೊರಗೆ 27 ಡಿಗ್ರಿ. ಫೋನಿನಲ್ಲಿ 58. ತಿರುವಿನಲ್ಲಿ ಒಂದು ಲಾರಿ ಹಿಂದೆ ಸಿಕ್ಕಿಹಾಕಿಕೊಂಡಾಗ 66ಕ್ಕೆ ಹೋಯಿತು. ಹುಡುಗ ಫೋನ್ ಹಿಡಿದುಕೊಂಡು ಸುಮ್ನೆ ಕೂತುಬಿಟ್ಟ.

ಮೊದಲ ಕೆಲಸ, ಹಳೇ ಬಾಕ್ಸನ್ನು ವಾಪಸ್ ತರಿಸಿದ್ದು. ಅದು ಅವನ ಮನೆಯ ಕಾಫಿ ಸ್ಟೋರಿನಲ್ಲಿ ಬಿದ್ದಿತ್ತು. ಮುಚ್ಚಳ ತೆಗೆದರೆ ಒಳಗೆ ಇಲಿ ಗೂಡು: ಒಣಗಿದ ಸಿಲ್ವರ್ ಓಕ್ ಎಲೆ, ಕಚ್ಚಿ ನೂಲು ನೂಲು ಮಾಡಿದ ಗೋಣಿಚೀಲ, ಒಂದು ಹಿಡಿ ಕಾಫಿ ಬೀಜದ ಸಿಪ್ಪೆ. ಇದು ಸ್ಟೋರಿನಲ್ಲಿ ಬಿದ್ದ ಬಾಕ್ಸಿಗೆ ಮಾತ್ರ ಆಗುವುದಲ್ಲ. ತೋಟದ ಶೆಡ್ಡಿನಲ್ಲಿ ವಾರಗಟ್ಟಲೆ ನಿಲ್ಲುವ ಕಾರುಗಳ ಬಾಕ್ಸಿನಲ್ಲೂ ನಾನು ಗೂಡು ನೋಡಿದ್ದೇನೆ. ಹೊಸ ಗಾಳಿದಾರಿ ಮಾಡುವವರು ಅದರ ಬಾಯಿಗೆ ಒಂದು ದಪ್ಪ ಕಣ್ಣಿನ ಜಾಲರಿ ಹಾಕಲೇಬೇಕು. ಸಣ್ಣ ಕಣ್ಣಿನದ್ದು ಬೇಡ, ಕೆಸರು ಬಿದ್ದರೆ ಮುಚ್ಚಿಹೋಗುತ್ತದೆ.

ಈಗ ಮುಂಭಾಗದ ವಿಷಯಕ್ಕೆ ಬರೋಣ. ಎಲ್ಲರೂ ಮೊದಲು ಕೇಳುವುದು ಬಾನೆಟ್ ಮೇಲೆ ಸ್ಕೂಪ್, ಅಂದರೆ ಗಾಳಿ ಹಿಡಿಯುವ ಉಬ್ಬಿದ ಬಾಯಿ, ಹಾಕೋಣವಾ ಅಂತ. ಬಾನೆಟ್ಟಿನ ಮುಂದಿನ ಅಂಚು ದಾಟಿದ ಮೇಲೆ ಗಾಳಿ ವೇಗವಾಗಿ ಜಾರುತ್ತದೆ, ಅಲ್ಲಿ ಒತ್ತಡ ಕಡಿಮೆ. ಆ ಜಾಗ ಒಳಗಿನ ಬಿಸಿ ಹೊರಗೆ ಹೋಗೋಕೆ ಒಳ್ಳೆಯದು, ಗಾಳಿ ಒಳಗೆ ತರೋಕೆ ಅಲ್ಲ. ಸುಬಾರು ಇಂಪ್ರೇಜಾ ಡಬ್ಲ್ಯೂಆರ್‌ಎಕ್ಸ್‌ನ ಬಾನೆಟ್ ಮೇಲೆ ಸ್ಕೂಪ್ ಇದೆಯಲ್ಲ ಅನ್ನುತ್ತಾರೆ. ಇದೆ, ಆದರೆ ಅದರ ಕೆಲಸ ಎಂಜಿನ್ ಮೇಲೆ ಕೂತಿರುವ, ಟರ್ಬೊದ ಬಿಸಿಗಾಳಿ ತಣಿಸುವ ಇಂಟರ್‌ಕೂಲರ್‌ಗೆ ಗಾಳಿ ಹಾಯಿಸುವುದು, ಎಂಜಿನ್‌ಗೆ ಗಾಳಿ ಕುಡಿಸುವುದಲ್ಲ. ಮುಂದಿನ ಗಾಜಿನ ಬುಡದಲ್ಲಿ ಮತ್ತೆ ಒತ್ತಡ ಏರುತ್ತದೆ, ಅದಕ್ಕೇ ಶೆವರ್ಲೆಯವರು 1969ರ ಕಮಾರೊ ಝಡ್/28ಕ್ಕೆ ಬಾನೆಟ್ಟಿನ ಹಿಂದುಗಡೆ, ಗಾಜಿನ ಕಡೆಗೆ ಬಾಯಿ ತೆರೆದ ಸ್ಕೂಪನ್ನು ಕೊಟ್ಟಿದ್ದರು. ಆದರೆ ಬೀದಿಯಲ್ಲಿ ಓಡುವ ಗಾಡಿಗೆ ಬಾನೆಟ್ ಕೊರೆಯುವ ಕೆಲಸ ನಾನು ಮಾಡುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ, ಕಂಪನಿ ಕೊಟ್ಟ ಮೂಲ ವಿವರ ಬದಲಾಗುವಂಥ ಮಾರ್ಪಾಡು ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಬಂಪರಿನ ಹಿಂದೆ, ಇರುವ ತೂತುಗಳನ್ನೇ ಬಳಸಿ, ಬೇಕಾದಾಗ ಬಿಚ್ಚಿ ಮೊದಲಿನ ಹಾಗೆ ಮಾಡಬಹುದಾದ ಕೆಲಸ ಮಾತ್ರ ನನ್ನದು. ಬಂಪರ್ ಹಿಂದಿನ ಕಬ್ಬಿಣದ ಬೀಮನ್ನು ಕತ್ತರಿಸಿ ಪೈಪ್ ಎಳೆದಿರುವ ಗಾಡಿಗಳನ್ನು ನೋಡಿದ್ದೇನೆ. ಡಿಕ್ಕಿಯಾದಾಗ ಜೀವ ಉಳಿಸುವ ಬೀಮ್ ಅದು. ದಯವಿಟ್ಟು ಮುಟ್ಟಬೇಡಿ.

ಇನ್ನೊಂದು ನಂಬಿಕೆ, ವೇಗದಲ್ಲಿ ಗಾಳಿ ತಾನಾಗಿ ನುಗ್ಗಿ ಟರ್ಬೊ ಥರ ತುಂಬುತ್ತದೆ ಅಂತ. ಇದನ್ನು ನಾನು ತೋರಿಸಿಯೇ ಹೇಳುತ್ತೇನೆ. ಒಂದು ತೆಳು ಪಾರದರ್ಶಕ ಪೈಪನ್ನು ಯು ಆಕಾರಕ್ಕೆ ಬಗ್ಗಿಸಿ, ಬಣ್ಣದ ನೀರು ಹಾಕಿ, ಡ್ಯಾಶ್‌ಬೋರ್ಡಿಗೆ ಸ್ಕೇಲಿನ ಜೊತೆ ಅಂಟಿಸಿ, ಅದರ ಒಂದು ತುದಿಯನ್ನು ಬಂಪರಿನ ನಡುಮಧ್ಯಕ್ಕೆ ಒಯ್ದರೆ ಗಾಳಿ ಎಷ್ಟು ತಳ್ಳುತ್ತಿದೆ ಅಂತ ಕಣ್ಣಿಗೇ ಕಾಣುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಎರಡು ಕಡೆಯ ನೀರಿನ ಮಟ್ಟದ ನಡುವೆ ಹೆಚ್ಚೆಂದರೆ 17 ಮಿಲಿಮೀಟರ್ ವ್ಯತ್ಯಾಸ ಬರಬಹುದು, 100ರಲ್ಲಿ ಸುಮಾರು 47. ವಾತಾವರಣದ ಪೂರ್ತಿ ಒತ್ತಡ 10 ಮೀಟರ್ ನೀರಿನಷ್ಟು. ಅಂದರೆ 100ರ ವೇಗದಲ್ಲೂ ಸಿಗುವುದು ಶೇ ಅರ್ಧದಷ್ಟು ಕೂಡ ಇಲ್ಲ. ನಮ್ಮ ಘಾಟಿಯಲ್ಲಿ 100 ಎಲ್ಲಿಂದ ಬರಬೇಕು? ಹಾಗಾಗಿ ಮುಂಭಾಗ ಬದಲಾಯಿಸುವುದು ಗಾಳಿ ನುಗ್ಗಿಸೋಕೆ ಅಲ್ಲ, ಬಿಸಿಯಾಗದ ಗಾಳಿ ತರೋಕೆ. ಇದು ತಲೆಗೆ ಹೋದರೆ ಅರ್ಧ ತಪ್ಪು ಖರ್ಚು ಉಳಿಯುತ್ತದೆ.

ಆದರೆ ಪೈಪಿನ ಅಗಲ ಮುಖ್ಯ. 2 ಲೀಟರ್ ಎಂಜಿನ್ 6000 ಆರ್‌ಪಿಎಂನಲ್ಲಿ ಸೆಕೆಂಡಿಗೆ ಹತ್ತಿರ ಹತ್ತಿರ 100 ಲೀಟರ್ ಗಾಳಿ ಎಳೆಯುತ್ತದೆ. 75 ಮಿಲಿಮೀಟರ್ ಪೈಪಿನಲ್ಲಿ ಅಷ್ಟು ಗಾಳಿ ಹೋಗಬೇಕಾದರೆ ಒಳಗೆ ಸೆಕೆಂಡಿಗೆ 22–23 ಮೀಟರ್ ವೇಗ. ಅದೇ 50 ಮಿಲಿಮೀಟರ್ ಪೈಪಾದರೆ 50 ಮೀಟರ್ ದಾಟುತ್ತದೆ, ತಡೆ ಐದು ಪಟ್ಟು ಏರುತ್ತದೆ. ತಣ್ಣಗಿನ ಗಾಳಿ ತರುತ್ತೇನೆ ಅಂತ ಹೋಗಿ ಕತ್ತು ಹಿಸುಕಿದ ಹಾಗೆ.

ಇನ್ನು ಬಾಯಿ ಎಲ್ಲಿಡುವುದು? ಈ ಕಾರಿನಲ್ಲಿ ಸುಲಭದ ದಾರಿ ಎಡಗಡೆಯ ಫಾಗ್ ಲ್ಯಾಂಪ್ ತೆಗೆದು ಅಲ್ಲಿಂದ ಪೈಪ್ ಎಳೆಯುವುದು. ಬಯಲುಸೀಮೆಯ ಹುಡುಗರು ಅದನ್ನೇ ಮಾಡುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಡಿಕೇರಿ ರಸ್ತೆಯಲ್ಲಿ ಮಂಜು ಇಳಿದಾಗ ಹತ್ತು ಮಾರು ದೂರ ಕಾಣುವುದಿಲ್ಲ, ಇಲ್ಲಿ ಫಾಗ್ ಲ್ಯಾಂಪ್ ಕಳೆದುಕೊಳ್ಳುವ ಮಾತೇ ಇಲ್ಲ. ಅದೂ ಅಲ್ಲದೆ ಆ ಜಾಗ ನೆಲಕ್ಕೆ ತೀರಾ ಹತ್ತಿರ. ಹಾಗಾಗಿ ಮೇಲಿನ ಗ್ರಿಲ್‌ನಿಂದಲೇ ಗಾಳಿ ತೆಗೆಯುವುದು ಅಂತ ತೀರ್ಮಾನಿಸಿದೆ. ನೋಡಿದರೆ ಗ್ರಿಲ್‌ನ ಅರ್ಧ ಭಾಗವನ್ನು ನಂಬರ್ ಪ್ಲೇಟ್ ಮುಚ್ಚಿತ್ತು! ಒಂದು ಸಣ್ಣ ಬ್ರಾಕೆಟ್ ಮಾಡಿ ಪ್ಲೇಟನ್ನು ಎರಡು ಇಂಚು ಕೆಳಗೆ ತಂದೆ, ಪೂರ್ತಿ ಓದುವ ಹಾಗೆ, ನೇರವಾಗಿ. ಇಡೀ ಕೆಲಸದಲ್ಲಿ ಅತಿ ಅಗ್ಗದ ಬದಲಾವಣೆ ಅದು.

ಆಮೇಲೆ ರಟ್ಟು ತೆಗೆದುಕೊಂಡೆ. ಟೀವಿ ಬಂದ ಡಬ್ಬದ ರಟ್ಟು ಸಾಕು. ಗ್ರಿಲ್‌ನ ಹಿಂಬದಿಯಿಂದ ಫಿಲ್ಟರ್ ಬಾಕ್ಸಿನ ಬಾಯಿವರೆಗೆ ಚಪ್ಪಟೆ ಕೊಳವೆಯ ಆಕಾರವನ್ನು ರಟ್ಟಿನಲ್ಲೇ ಕತ್ತರಿಸಿ, ಟೇಪ್ ಹಚ್ಚಿ, ಬಾನೆಟ್ ಮುಚ್ಚಿ ತೆಗೆದು ನೋಡಿದೆ. ಮೂರು ಸಲ ತಪ್ಪಿತು, ಬಾನೆಟ್ ಲಾಕ್‌ಗೆ ತಾಗುತ್ತಿತ್ತು. ನಾಲ್ಕನೇ ರಟ್ಟು ಸರಿಹೋಯಿತು. ಅದನ್ನೇ ಅಳತೆಯಾಗಿಟ್ಟು 2 ಮಿಲಿಮೀಟರ್ ಎಬಿಎಸ್ ಪ್ಲಾಸ್ಟಿಕ್ ಶೀಟನ್ನು ಹಾಟ್ ಗನ್‌ನಲ್ಲಿ ಬಗ್ಗಿಸಿ ಡಕ್ಟ್ ಮಾಡಿದೆ. ಲೋಹ ಹಾಕಲಿಲ್ಲ, ಅಲ್ಯೂಮಿನಿಯಂ ಬಿಸಿಯನ್ನು ಬೇಗ ಹೀರಿ ಗಾಳಿಗೆ ಕೊಡುತ್ತದೆ. ಡಕ್ಟ್ ಮತ್ತು ಬಾಕ್ಸ್ ಸೇರುವ ಕಡೆ, ಬಾನೆಟ್ಟಿನ ಅಡಿ ತಾಗುವ ಕಡೆ ಎಲ್ಲಾ ಬಾಗಿಲಿನ ರಬ್ಬರ್ ಬೀಡಿಂಗ್. ಒಂದು ಬೆರಳು ತೂರುವಷ್ಟು ಸಂದು ಬಿಟ್ಟರೂ ಎಂಜಿನ್ ಅಲ್ಲಿಂದಲೇ ಬಿಸಿಗಾಳಿ ಎಳೆಯುತ್ತದೆ. ಗಾಳಿ ಅಳೆಯುವ ಸೆನ್ಸರ್ ಇರುವ ತುಂಡನ್ನು ಮಾತ್ರ ಕಂಪನಿಯದ್ದೇ ಇಟ್ಟೆ. ಆ ಪೈಪಿನ ಅಗಲ ಬದಲಾದರೆ ಕಂಪ್ಯೂಟರಿನ ಲೆಕ್ಕವೇ ತಪ್ಪುತ್ತದೆ, ಆಮೇಲೆ ಪೆಟ್ರೋಲ್ ಹೆಚ್ಚು ಕಡಿಮೆ ಆಗಿ ಇನ್ನೊಂದು ತಲೆನೋವು.

ಇಷ್ಟರಲ್ಲಿ ಗಾಡಿ ಎತ್ತಿ ನೋಡಿದಾಗ ಅಸಲಿ ಕಳ್ಳ ಸಿಕ್ಕಿದ. ಕೆಳಗಿನ ಪ್ಲಾಸ್ಟಿಕ್ ಅಂಡರ್ ಟ್ರೇ ಇರಲೇ ಇಲ್ಲ. ತೋಟದ ರಸ್ತೆಯ ಕಲ್ಲಿಗೆ ತಾಗಿ ಒಡೆದಾಗ ಕಿತ್ತು ಎಸೆದಿದ್ದರಂತೆ. ಕೊಡಗಿನಲ್ಲಿ ನಾನು ನೋಡುವ ತಗ್ಗು ಕಾರುಗಳಲ್ಲಿ ಎಷ್ಟೋ ಗಾಡಿಗಳದ್ದು ಇದೇ ಕತೆ. ಆ ಟ್ರೇ ಇಲ್ಲದಿದ್ದರೆ, ಗಾಡಿ ನಿಧಾನ ಹೋಗುವಾಗ ಫ್ಯಾನ್ ಹಿಂದಕ್ಕೆ ತಳ್ಳಿದ ಬಿಸಿಗಾಳಿ ಕೆಳಗಿನಿಂದ ಸುತ್ತಿ ಮತ್ತೆ ಮುಂಭಾಗಕ್ಕೆ ಬರುತ್ತದೆ. ನೀವು ಎಷ್ಟು ಚೆಂದದ ಡಕ್ಟ್ ಮಾಡಿದರೂ ಅದರ ಬಾಯಿಗೆ ಬರುವುದು ಬಿಸಿಗಾಳಿಯೇ. ಹೊಸ ಟ್ರೇ ಹಾಕಿದೆ, ರೇಡಿಯೇಟರಿನ ಎರಡು ಪಕ್ಕದ ಸಂದನ್ನು ಫೋಮ್ ತುಂಬಿ ಮುಚ್ಚಿದೆ. ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಕಿತ್ತುಹೋದ ತಗಡಿನ ಕವಚವನ್ನು ಮತ್ತೆ ಬೋಲ್ಟ್ ಮಾಡಿದೆ.

ನಮ್ಮ ಮಳೆಯ ಬಗ್ಗೆ ಒಂದು ಮಾತು ಬಿಡಿಸಿ ಹೇಳಲೇಬೇಕು. ಕೆಲವು ವರ್ಷದ ಹಿಂದೆ ಒಂದು ಕಾರು ನನ್ನ ಹತ್ತಿರ ಟೋ ಆಗಿ ಬಂತು. ಬೇರೆ ಊರಿನಲ್ಲಿ ಯಾರೋ ಫಿಲ್ಟರನ್ನು ಬಂಪರಿನ ಕೆಳಮೂಲೆಗೆ, ಚಕ್ರದ ಮುಂದೆ ಇಳಿಸಿ ಕೊಟ್ಟಿದ್ದರು. ಗಾಳಿ ತಣ್ಣಗಿರುತ್ತದೆ, ನಿಜ. ಜುಲೈನಲ್ಲಿ ಭಾಗಮಂಡಲ–ನಾಪೋಕ್ಲು ರಸ್ತೆ ಮೇಲೆ ಕಾವೇರಿ ನೀರು ಬಂದಾಗ ಅವರು ನಿಧಾನವಾಗಿ ದಾಟೋಣ ಅಂತ ಹೋಗಿದ್ದಾರೆ. ನೀರು ಮೊಣಕಾಲಿಗೂ ಬಂದಿರಲಿಲ್ಲವಂತೆ. ಫಿಲ್ಟರ್ ನೀರು ಕುಡಿಯಿತು, ಎಂಜಿನ್ ಟಕ್ ಅಂತ ನಿಂತಿತು. ನೀರನ್ನು ಪಿಸ್ಟನ್ ಒತ್ತಿ ಕುಗ್ಗಿಸೋಕೆ ಆಗುವುದಿಲ್ಲ, ಬಗ್ಗುವುದು ಪಿಸ್ಟನ್ನನ್ನು ಹಿಡಿದಿರುವ ಕನೆಕ್ಟಿಂಗ್ ರಾಡ್. ಎಂಜಿನ್ ಬಿಚ್ಚಿ ಬಗ್ಗಿದ ರಾಡನ್ನು ಅವರ ಕೈಗೆ ಕೊಟ್ಟಾಗ ಅವರ ಮುಖ ನೋಡೋಕೆ ಆಗಲಿಲ್ಲ. ಆವತ್ತಿನಿಂದ ನನ್ನ ನಿಯಮ ಒಂದೇ: ಗಾಳಿಯ ಬಾಯಿ ಹೆಡ್‌ಲೈಟಿನ ಮಟ್ಟಕ್ಕಿಂತ ಕೆಳಗೆ ಬರಬಾರದು. ಡಕ್ಟ್ ಮೊದಲು ಕೆಳಕ್ಕೆ ಇಳಿದು ಆಮೇಲೆ ಮೇಲೆ ಹತ್ತಿ ಬಾಕ್ಸಿಗೆ ಸೇರಬೇಕು, ಅತಿ ತಗ್ಗಿನ ಜಾಗದಲ್ಲಿ 8 ಮಿಲಿಮೀಟರಿನ ಎರಡು ತೂತು ಇರಬೇಕು. ಗ್ರಿಲ್‌ಗೆ ಬಡಿದ ಮಳೆ ಅಲ್ಲೇ ಸೋರಿಹೋಗುತ್ತದೆ, ಫಿಲ್ಟರಿನವರೆಗೆ ಹೋಗುವುದಿಲ್ಲ. ನೀರು ನಿಂತ ರಸ್ತೆಗೆ ಮಾತ್ರ ಯಾವ ಡಕ್ಟೂ ರಕ್ಷಣೆ ಅಲ್ಲ, ಅಂಥ ಕಡೆ ಇಂಥ ಗಾಡಿ ಇಳಿಸಲೇಬೇಡಿ.

ಕೊಯ್ಲಾದ ಗದ್ದೆಯಲ್ಲಿ ಆಟೋಕ್ರಾಸ್ ರೇಸ್ ಓಡಿಸುವವರಿಗೆ ತೊಂದರೆ ನೀರಲ್ಲ, ಧೂಳು. ಅವರು ಕಾಗದದ ಫಿಲ್ಟರನ್ನೇ ಇಟ್ಟುಕೊಂಡು ಪ್ರತಿ ಸಲವೂ ಬಿಚ್ಚಿ ನೋಡುವುದು ಒಳ್ಳೆಯದು. ಟರ್ಬೊ ಗಾಡಿಯವರಿಗೆ ಇಂಟರ್‌ಕೂಲರ್ ಮುಂದಿನ ಸಂದುಗಳನ್ನು ಮುಚ್ಚುವುದೇ ಮೊದಲ ಕೆಲಸ, ಅದರ ಲೆಕ್ಕ ಬೇರೆಯೇ, ಇನ್ನೊಮ್ಮೆ ಬರೆಯುತ್ತೇನೆ.

ಕೆಲಸ ಮುಗಿದ ಮೇಲೆ ಅದೇ ರಸ್ತೆ, ಅದೇ ಮಧ್ಯಾಹ್ನದ ಹೊತ್ತು, ಅದೇ ಗೇರು. ಹೊರಗೆ 28 ಡಿಗ್ರಿ ಇತ್ತು. ಫೋನಿನಲ್ಲಿ 37, ಲಾರಿ ಹಿಂದೆ ಸಿಕ್ಕಾಗ 45. ಕಾಗದದ ಲೆಕ್ಕದಲ್ಲಿ ಇದು ಸುಮಾರು ಶೇ 7ರಷ್ಟು ಹೆಚ್ಚು ಗಾಳಿ. ಅಷ್ಟೂ ಚಕ್ರಕ್ಕೆ ಬರುವುದಿಲ್ಲ, ಮುಂದೆ ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ ಗಾಳಿ ಮತ್ತೆ ಸ್ವಲ್ಪ ಬಿಸಿಯಾಗುತ್ತದೆ. ಆದರೆ ಟೈಮಿಂಗ್ ಹಿಂದಕ್ಕೆ ಹೋಗುವುದು ನಿಂತಿತ್ತು, ಅದು ಸ್ಕ್ಯಾನರಿನಲ್ಲಿ ಸ್ಪಷ್ಟವಾಗಿ ಕಂಡಿತು. ಮೊದಲು ಎರಡನೇ ಗೇರಿಗೆ ಇಳಿಸಬೇಕಾಗಿದ್ದ ತಿರುವನ್ನು ಹುಡುಗ ಮೂರರಲ್ಲೇ ಎಳೆದ. ಊರಿಗೆ ಬಂದು ಹತ್ತು ನಿಮಿಷ ಕಾಫಿಗೆ ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಿದಾಗ ಫೋನಿನಲ್ಲಿ 55 ತೋರಿಸಿತು, "ಅಣ್ಣ, ಮತ್ತೆ ಏರಿತಲ್ಲ" ಅಂತ ಗಾಬರಿಯಾದ. ನಿಂತ ಎಂಜಿನ್‌ನ ಬಿಸಿ ಸೆನ್ಸರ್‌ಗೆ ಹತ್ತಿರುತ್ತದೆ, ಒಂದು ಕಿಲೋಮೀಟರ್ ಓಡಿಸು, ಇಳಿಯುತ್ತೆ ಅಂದೆ. ಇಳಿಯಿತು.

ಆಗಸ್ಟಿನಲ್ಲಿ, ಆರು ದಿನ ಬಿಡದೆ ಸುರಿದ ಮಳೆಯ ನಂತರ, ಅವನಿಗೆ ನಾನೇ ಫೋನ್ ಮಾಡಿ ಗಾಡಿ ತರಿಸಿದೆ. ಬಾಕ್ಸ್ ತೆಗೆದೆ. ಫಿಲ್ಟರ್ ಒಣಗಿತ್ತು. ಡಕ್ಟಿನ ಎರಡು ತೂತಿನಲ್ಲಿ ಒಂದಕ್ಕೆ ಕೊಳೆತ ಎಲೆ ಅಂಟಿ ಮುಚ್ಚಿತ್ತು, ಇನ್ನೊಂದರಿಂದ ನೀರು ಹೋಗಿತ್ತು. ಎರಡನ್ನೂ 12 ಮಿಲಿಮೀಟರ್‌ಗೆ ಅಗಲ ಮಾಡಿ ಕಳಿಸಿದೆ.