ಹಳೇ ಸೀರೆ, ನಾಲ್ಕು ಪದರ

ನಮ್ಮಜ್ಜಿ ಊರಿಂದ ಬೆಂಗಳೂರಿಗೆ ಬಂದಾಗಲೆಲ್ಲ ಮಾಡುತ್ತಿದ್ದ ಮೊದಲ ಕೆಲಸ, ಅಡುಗೆಮನೆ ನಲ್ಲಿಯ ಬಾಯಿಗೆ ಹಳೇ ಪಂಚೆ ತುಂಡು ಕಟ್ಟುವುದು. ವಾರ ಬಿಟ್ಟು ಬಿಚ್ಚಿದರೆ ಒಳಗೆ ಕೆಂಪು ಕೆಸರು, ತುಕ್ಕು, ಒಂದೊಂದು ಸಲ ಸಣ್ಣ ಹುಳ. ಗೋಡೆ ಮೇಲೆ ಅಷ್ಟು ದುಡ್ಡು ಸುರಿದು ಹಾಕಿಸಿದ ಫಿಲ್ಟರ್ ಇದೆಯಲ್ಲಜ್ಜಿ, ಇದ್ಯಾಕೆ ಅಂತ ನಾನು ನಗುತ್ತಿದ್ದೆ. "ಇರ್ಲಿ ಬಿಡೋ, ಅದರ ಪಾಡಿಗೆ ಅದಿರುತ್ತೆ" ಅನ್ನುತ್ತಿದ್ದರು. ಫಿಲ್ಟರ್ ಕೆಟ್ಟು, ಸರ್ವೀಸಿನವರು ಇವತ್ತು ನಾಳೆ ಅಂತ ಮೂರು ವಾರ ಸತಾಯಿಸಿದಾಗಲೂ ಆ ಬಟ್ಟೆ ಅಲ್ಲೇ ಇತ್ತು.

ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೇ ಸೀರೆಯಲ್ಲಿ ನೀರು ಸೋಸಿ ಕಾಲರಾ ಕಡಿಮೆ ಮಾಡಿದ ವಿಷಯ ಓದಿದ ಮೇಲೆ ನನ್ನ ನಗು ಪೂರ್ತಿ ನಿಂತಿತು.

ಕಾಲರಾ ಬ್ಯಾಕ್ಟೀರಿಯಾ ಎಷ್ಟು ಚಿಕ್ಕದು ಅಂದರೆ ಯಾವ ಸೀರೆಯ ನೇಯ್ಗೆಯಲ್ಲೂ ಸಲೀಸಾಗಿ ನುಸುಳಿ ಹೋಗುತ್ತದೆ. ಹಾಗಿದ್ದ ಮೇಲೆ ಸೀರೆಯಲ್ಲಿ ಸೋಸಿ ಏನು ಪ್ರಯೋಜನ? ವಿಷಯ ಏನಪ್ಪಾ ಅಂದರೆ, ಕೆರೆ ಹೊಳೆಗಳ ನೀರಿನಲ್ಲಿ ಈ ಬ್ಯಾಕ್ಟೀರಿಯಾಗಳಲ್ಲಿ ಬಹಳಷ್ಟು ಕೋಪೆಪಾಡ್ ಅನ್ನುವ ಪುಟ್ಟ ಜೀವಿಗಳ ಮೈಗೆ ಅಂಟಿಕೊಂಡಿರುತ್ತವೆ. ಕೋಪೆಪಾಡ್ ಬ್ಯಾಕ್ಟೀರಿಯಾಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಬಸ್ಸನ್ನೇ ತಡೆದು ನಿಲ್ಲಿಸಿದರೆ ಒಳಗಿರುವ ಪ್ಯಾಸೆಂಜರುಗಳೂ ನಿಂತ ಹಾಗೇ ಅಲ್ವಾ? ಹಳೇ ಹತ್ತಿ ಸೀರೆಯನ್ನು ನಾಲ್ಕು ಪದರ ಮಡಚಿದರೆ ಅದರ ರಂಧ್ರಗಳು ಸುಮಾರು 20 ಮೈಕ್ರಾನಿಗೆ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಇಳಿಯುತ್ತವೆ, ಬಸ್ಸು ತಡೆಯಲು ಅಷ್ಟು ಸಾಕು. ಇಲ್ಲಿ ಹೊಸ ಸೀರೆಗಿಂತ ಹಳೇದೇ ವಾಸಿ. ಒಗೆದು ಒಗೆದು ನೂಲು ಜುಂಗು ಬಿಟ್ಟು, ಸಂದುಗಳನ್ನು ಇನ್ನೂ ಮುಚ್ಚಿರುತ್ತದೆ.

ಅಮೆರಿಕದ ವಿಜ್ಞಾನಿ ರೀಟಾ ಕಾಲ್ವೆಲ್, ಬಾಂಗ್ಲಾದೇಶದವರೇ ಆದ ಅನ್ವರ್ ಹಕ್ ಮತ್ತು ಅವರ ಜೊತೆಗಾರರು ಮತ್ಲಬ್ ಪ್ರದೇಶದ 65 ಹಳ್ಳಿಗಳಲ್ಲಿ ಇದನ್ನು ಪರೀಕ್ಷೆ ಮಾಡಿ 2003ರಲ್ಲಿ ಪ್ರಕಟಿಸಿದರು. ಸೀರೆಯಲ್ಲಿ ಸೋಸಿದ ಮನೆಗಳಲ್ಲಿ ಕಾಲರಾ 48% ಕಡಿಮೆ! ಅದೇ ಪರೀಕ್ಷೆಯಲ್ಲಿ ಇದಕ್ಕೆಂದೇ ತರಿಸಿದ ನೈಲಾನ್ ಜಾಲರಿಯೂ ಇತ್ತು, ಅದು ಸೀರೆಯಷ್ಟು ಕೂಡ ಕೆಲಸ ಮಾಡಲಿಲ್ಲ. ಐದು ವರ್ಷ ಬಿಟ್ಟು ಹೋಗಿ ನೋಡಿದರೆ 31% ಹೆಂಗಸರು ಇನ್ನೂ ನೀರು ಸೋಸುತ್ತಿದ್ದರು. ನನಗೆ 48ಕ್ಕಿಂತ ಈ 31 ದೊಡ್ಡದು ಅನ್ನಿಸುತ್ತದೆ, ಯಾಕೆಂದರೆ ಬಡವರಿಗೆ ಅಂತ ಹಂಚಿದ ಎಷ್ಟೋ ಸಾಮಾನು ಆರು ತಿಂಗಳಿಗೆ ಅಟ್ಟ ಸೇರಿರುತ್ತದೆ. ಹಾಗಂತ ಸೀರೆ ಎಲ್ಲದಕ್ಕೂ ಮದ್ದಲ್ಲ. ವೈರಸ್ ತಡೆಯುವುದಿಲ್ಲ, ನೀರಿನಲ್ಲಿ ಕರಗಿದ ಆರ್ಸೆನಿಕ್ ತಡೆಯುವುದಿಲ್ಲ. ಕುದಿಸುವುದೇ ಒಳ್ಳೇದು, ಆದರೆ ಅಷ್ಟು ಸೌದೆ ಎಲ್ಲಿಂದ ತರೋದು?

ಸೌದೆ ಅಂದಾಗ ನಮ್ಮೂರಿನ ಕಥೆಯೊಂದು ಇದೆ. ಬಸ್ ಕಂಡಕ್ಟರುಗಳ ಬಾಯಲ್ಲಿ ಇವತ್ತಿಗೂ ಟಾಟಾ ಇನ್‌ಸ್ಟಿಟ್ಯೂಟ್ ಆಗಿರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಸ್ತ್ರ ಅನ್ನುವ ಘಟಕ ಶುರುವಾಯಿತು, ಹಳ್ಳಿಗಳಿಗೆ ಬೇಕಾದ ವಿಜ್ಞಾನಕ್ಕೆಂದೇ. ಶುರು ಮಾಡಿದ್ದು ಎಲೆಕ್ಟ್ರೋಕೆಮಿಸ್ಟ್ರಿ ಪ್ರೊಫೆಸರ್ ಅಮೂಲ್ಯ ರೆಡ್ಡಿ. ಹೊಗೆ ಹೊರಗೆ ಹೋಗುವ, ಸೌದೆ ಉಳಿಸುವ ಅಸ್ತ್ರ ಒಲೆ ಈ ಘಟಕದವರದ್ದೇ. ಆದರೆ ನನಗಿಷ್ಟ ಕುಣಿಗಲ್ ತಾಲ್ಲೂಕಿನ ಪುರ ಅನ್ನುವ ಹಳ್ಳಿಯಲ್ಲಿ ಅವರು ಮೊದಲು ಎಡವಿದ್ದು.

ಊರಿನ ಸಗಣಿಯೆಲ್ಲ ಒಂದೇ ಕಡೆ ಹಾಕಿ ಗೋಬರ್ ಗ್ಯಾಸ್ ಮಾಡಿ, ಮನೆಮನೆಗೆ ಅಡುಗೆಗೆ ಕೊಡೋಣ ಅಂತ ಅವರ ಲೆಕ್ಕ. ಇಡೀ ಊರಿನ ಅಡುಗೆಗೆ ಆಗುವಷ್ಟು ಸಗಣಿಯೇ ಸೇರಲಿಲ್ಲ. ಊರಿನವರಿಗೆ ಎಲ್ಲಕ್ಕಿಂತ ಮೊದಲು ಬೇಕಾಗಿದ್ದದ್ದು ಕುಡಿಯುವ ನೀರು ಅನ್ನುವುದೂ ಆಮೇಲೆ ಗೊತ್ತಾಯಿತು. ಸರಿ, 1987ರಲ್ಲಿ ಅದೇ ಗ್ಯಾಸನ್ನು ಡೀಸೆಲ್ ಎಂಜಿನ್ನಿಗೆ ಕೊಟ್ಟರು. ಗೋಬರ್ ಗ್ಯಾಸ್ ಡೀಸೆಲ್‌ನಂತೆ ಬರೀ ಒತ್ತಡಕ್ಕೇ ಹೊತ್ತಿಕೊಳ್ಳುವುದಿಲ್ಲ, ಕಿಡಿ ಹಚ್ಚಲು ಸ್ವಲ್ಪ ಡೀಸೆಲ್ ಬೇಕೇ ಬೇಕು. ಎಂಜಿನ್ನಿನಿಂದ ಕರೆಂಟು, ಕರೆಂಟಿನಿಂದ ಬೋರ್‌ವೆಲ್ ಪಂಪು, ಬೀದಿ ನಲ್ಲಿಗೆ ನೀರು, ಸಂಜೆ ಮನೆಗೆ ದೀಪ. ಸಗಣಿ ತಂದವರಿಗೆ ತೂಕ ಹಾಕಿ ಒಂದಿಷ್ಟು ಕಾಸು ಕೊಡುತ್ತಿದ್ದರು, ಅದು ಹೆಚ್ಚಾಗಿ ಹೆಂಗಸರ ಕೈಗೇ ಸೇರುತ್ತಿತ್ತು. ಗ್ಯಾಸ್ ತೆಗೆದು ಉಳಿದ ರಾಡಿ ವಾಪಸ್ ಅವರ ತಿಪ್ಪೆಗೇ. ಗ್ಯಾಸಾಗಿ ಹೋಗುವುದು ಇಂಗಾಲದ ಭಾಗ, ಸಾರಜನಕ ರಾಡಿಯಲ್ಲೇ ಉಳಿಯುತ್ತದೆ, ಹಾಗಾಗಿ ಗೊಬ್ಬರಕ್ಕೇನೂ ಮೋಸ ಇರಲಿಲ್ಲ.